ಸೋತವರು ಪಾತ್ರೆ ತೊಳೆಯಬೇಕು

ಲೂಮಿರ್ ಪೊಕೊರ್ನಿ ರಿಪಬ್ಲಿಕನ್ ಆಗುತ್ತಾನಂತೆ ಎಂಬ ಸುದ್ದಿ ಬಂದಾಗ ನಾನು ಕೋಳಿಗೂಡು ಗುಡಿಸುತ್ತಿದ್ದೆ. ತಂದವನು ಪಕ್ಕದ ಹೊಲದ ಡ್ವೇನ್ ಬಾರ್ಟೊಸ್. ಟ್ರಕ್ಕಿನಿಂದ ಇಳಿಯುವಷ್ಟು ತಾಳ್ಮೆಯೂ ಇಲ್ಲದೆ ಕಿಟಕಿಯಿಂದಲೇ ಕೂಗಿದ. ನಮ್ಮ ಹ್ರಾಡೆಕ್ ಊರಿನಲ್ಲಿ ಅವನಷ್ಟು ಕಟ್ಟಾ ರಿಪಬ್ಲಿಕನ್ ಇನ್ನೊಬ್ಬನಿಲ್ಲ. ಅವನ ಟ್ರಕ್ಕು ಕೆಂಪು, ಟೋಪಿ ಕೆಂಪು, ನಾಯಿಯ ಕೊರಳಪಟ್ಟಿಯೂ ಕೆಂಪು. ತನ್ನ ಪಕ್ಷಕ್ಕೆ ಇನ್ನೊಬ್ಬ ಬರುತ್ತಾನೆಂದರೆ ಕುಣಿದಾಡಬೇಕಾದವನು, ಸಾವಿನ ಮನೆಯಿಂದ ಎದ್ದು ಬಂದವನ ಹಾಗೆ ಮುಖ ಮಾಡಿಕೊಂಡಿದ್ದ.

"ಆರ್ಲಿಸ್, ಕೆಟ್ವಿ! ಮುದುಕ ನಮ್ಮ ಕಡೆ ಬರ್ತಾನಂತೆ!"

"ಯಾರು?"

"ಇನ್ಯಾರು, ಲೂಮಿರ್! ಊರಲ್ಲಿ ಆ ಕಡೆಯೋನು ಅಂತ ಇರೋನು ಅವನೊಬ್ನೇ ಅಲ್ವಾ?"

ನನ್ನ ಕೈಯಿಂದ ಪೊರಕೆ ಬಿತ್ತು.

ಇದರಲ್ಲಿ ಹೌಹಾರುವಂಥದ್ದು ಏನಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ನೆಬ್ರಾಸ್ಕಾದ ಈ ಮೂಲೆಯಲ್ಲಿ ನಮ್ಮ ಊರಿಗೆ ಶಾಲೆ ಇತ್ತು, ಹೋಯಿತು. ಅಂಚೆ ಕಚೇರಿ ಇತ್ತು, ಹೋಯಿತು. ಪಾದ್ರಿಯೂ ಹೋದ. ಉಳಿದಿರುವುದು ಹಳೇ ಶಾಲೆಯ ಹಾಲ್ ಒಂದೇ, ಅದು ತೆರೆಯುವುದೂ ವೋಟಿನ ದಿನ ಮಾತ್ರ. ನಮ್ಮ ಕೌಂಟಿಯ ನಿಯಮದ ಪ್ರಕಾರ ಮತಗಟ್ಟೆಯ ಮೇಜಿನಲ್ಲಿ ಒಬ್ಬ ರಿಪಬ್ಲಿಕನ್, ಒಬ್ಬ ಡೆಮಾಕ್ರಟ್ ಕೂರಲೇಬೇಕು; ಯಾರು ಯಾವ ಪಕ್ಷ ಎಂದು ನಮ್ಮಲ್ಲಿ ಕಚೇರಿಗೆ ಹೋಗಿ ಹೆಸರು ಬರೆಸಿರುತ್ತೇವೆ. ಕೂರದಿದ್ದರೆ ಮತಗಟ್ಟೆಗೆ ಬೀಗ. ವೋಟು ಹಾಕಲು ಜಲ್ಲಿಕಲ್ಲಿನ ರಸ್ತೆಯಲ್ಲಿ ಕೌಂಟಿ ಪಟ್ಟಣಕ್ಕೆ ಹೋಗಬೇಕು, ಹೋಗಿ ಬರುವುದರಲ್ಲಿ ಅರ್ಧ ದಿನ ಮುಗಿಯುತ್ತದೆ. ರಿಪಬ್ಲಿಕನ್ ಕುರ್ಚಿಯಲ್ಲಿ ಕೂರುವವಳು ನಾನು. ನನ್ನ ಜಾಗಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ. ಲೂಮಿರ್‌ನ ಜಾಗಕ್ಕೆ ಲೂಮಿರ್ ಒಬ್ಬನೇ.

ಒಂದು ಕಾಲಕ್ಕೆ ನಮ್ಮಲ್ಲಿ ಎಲ್ಲರೂ ಡೆಮಾಕ್ರಟರೇ ಆಗಿದ್ದರು. ಹೊಲದ ಮನೆಗಳಿಗೆ ಕರೆಂಟು ಕೊಡಿಸಿದ ಪಕ್ಷ ಎಂದು ನಮ್ಮ ಅಜ್ಜಂದಿರು ಕಣ್ಣುಮುಚ್ಚಿ ವೋಟು ಹಾಕುತ್ತಿದ್ದರು. ಆಮೇಲೆ ಕರೆಂಟು ಎಲ್ಲರಿಗೂ ರೂಢಿಯಾಯಿತು, ಕೃತಜ್ಞತೆ ಆರಿತು. ಒಬ್ಬೊಬ್ಬರೇ ಈಚೆ ಬಂದರು, ಬರಲಾರದವರು ಸತ್ತರು. ಲೂಮಿರ್ ಮಾತ್ರ ಅಪ್ಪ ಹಿಡಿದ ಹಟ ಬಿಡಲಿಲ್ಲ. ನಾವು ಅವನನ್ನು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅವನ ಹಸು ಕಡಿಮೆ ಹಾಲು ಕೊಟ್ಟರೂ ಅದು ಅವನ ಪಕ್ಷದ ತಪ್ಪೇ ಆಗಿತ್ತು.

ಸಂಜೆಯೇ ನಾವು ಲೂಮಿರ್‌ನ ಮನೆಗೆ ದಂಡೆತ್ತಿ ಹೋದೆವು. ನಾನು, ಡ್ವೇನ್, ಊರಿಗೆಲ್ಲ ಅತ್ತೆಯಾದ ವ್ಲಾಸ್ತಾ, ಹಿಂದೆ ಇನ್ನೂ ಒಂದಷ್ಟು ಜನ. ಮುದುಕ ಅಡುಗೆಮನೆಯಲ್ಲಿ ಸೂಪು ಕುಡಿಯುತ್ತಿದ್ದ. ನಮ್ಮನ್ನು ನೋಡಿ ಕುರ್ಚಿ ಹುಡುಕಿದ. ಅಷ್ಟು ಜನಕ್ಕೆ ಅವನ ಮನೆಯಲ್ಲಿ ಕುರ್ಚಿ ಎಲ್ಲಿಂದ ಬರಬೇಕು?

"ಯಾಕೆ ಲೂಮಿರ್, ಏನಾಯ್ತು ನಿಂಗೆ?" ಎಂದೆ.

"ಪಾತ್ರೆ" ಅಂದ ಅವನು.

ಎಲ್ಲರೂ ನೆಲ ನೋಡಿದೆವು.

ಅದು ನಮ್ಮ ಹಳೇ ಶಾಲೆಯ ಹಾಲ್‌ನ ಪದ್ಧತಿ. ವೋಟು ಮುಗಿದ ಮೇಲೆ ಅಲ್ಲೇ ಎಣಿಕೆ, ಅಲ್ಲೇ ಊಟ. ಹಂದಿಯ ಹುರಿದ ಮಾಂಸ, ಹುಳಿ ಕೋಸು, ಹಿಟ್ಟಿನ ಮುದ್ದೆ, ಕೊನೆಗೆ ವ್ಲಾಸ್ತಾ ಬೇಯಿಸಿದ ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚೆ. ಊಟವಾದ ಮೇಲೆ ಗೆದ್ದ ಪಕ್ಷದವರು ಕಾಲು ಚಾಚಿ ಕೂತು ಕೊಲಾಚೆ ತಿನ್ನುತ್ತಾರೆ, ಸೋತ ಪಕ್ಷದವರು ಒಳಗೆ ಹೋಗಿ ಪಾತ್ರೆ ತೊಳೆಯುತ್ತಾರೆ. ಇಡೀ ಕೌಂಟಿಯಲ್ಲಿ ಯಾರು ಗೆದ್ದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ನಮ್ಮ ಹಾಲ್‌ನ ಮತಪೆಟ್ಟಿಗೆ ಹೇಳಿದ್ದೇ ತೀರ್ಪು. ಎರಡೂ ಕಡೆ ಜನ ಇದ್ದ ಕಾಲಕ್ಕೆ ಅದು ತಮಾಷೆಯಾಗಿತ್ತು. ಈಗ ಇಡೀ ಊರಿನ ಎಂಜಲು ತಟ್ಟೆ ಲೂಮಿರ್ ಒಬ್ಬನೇ ತೊಳೆಯುತ್ತಾನೆ, ಮತ್ತು ಅವನು ತೊಳೆಯುವುದು ನಮ್ಮ ಕಣ್ಣಿಗೆ ಬೀಳುವುದು ನಿಂತು ಬಹಳ ಕಾಲವಾಗಿತ್ತು.

"ಲಿಬ್ಬಿ ಇರೋವರ್ಗೂ ನಡೀತು" ಎಂದ ಲೂಮಿರ್. ಲಿಬ್ಬಿ ಅವನ ಹೆಂಡತಿ, ತೀರಿಹೋಗಿ ವರ್ಷಗಳಾದವು. "ಅವಳು ತೊಳೀತಿದ್ಲು, ನಾನು ಒರೆಸ್ತಿದ್ದೆ. ಇಬ್ರೂ ನಿಮ್ಮನ್ನೆಲ್ಲ ಬೈಕೊಂಡು ಹಾಯಾಗಿದ್ವಿ. ಈಗ ಒಳಗೆ ನಾನೊಬ್ಬ, ಹೊರಗೆ ನೀವೆಲ್ಲ. ನೀವು ಗೊಳ್ ಅಂತ ನಗೋದು ಕೇಳುತ್ತೆ, ಯಾತಕ್ಕೆ ನಕ್ಕಿದ್ದು ಅಂತ ಕೇಳ್ಸಲ್ಲ. ಸಾಯೋದ್ರೊಳಗೆ ಒಂದೇ ಒಂದ್ಸಲ ಗೆದ್ದೋರ ಮೇಜಲ್ಲಿ ಕೂತು ಕೊಲಾಚೆ ತಿನ್ಬೇಕು ಕಣಮ್ಮ. ಅಷ್ಟೇ."

"ಅಯ್ಯೋ, ಅಷ್ಟೇನಾ!" ಎಂದ ಡ್ವೇನ್. "ಈ ಸಲ ನಾವೇ ತೊಳೀತೀವಿ ಬಿಡೋ!"

"ಪಾಪ ಅಂತ ತೊಳೀತೀರಾ?"

"ಹೂಂ ಮತ್ತೆ!"

"ಹಾಗಾದ್ರೆ ಬೇಡ. ನಾನು ಗೆದ್ದು ಕೂತ್ಕೋಬೇಕು. ಭಿಕ್ಷೆಗೆ ಕೂರಲ್ಲ."

ಹಿಂದಿನಿಂದ ಯಾರೋ ಉಪಾಯ ಹೇಳಿದರು: ಹೆಸರಿಗೆ ಡೆಮಾಕ್ರಟ್ ಆಗಿರು, ಪರದೆ ಹಿಂದೆ ಯಾರಿಗೆ ಬೇಕಾದರೂ ಗುರುತು ಹಾಕು, ನೋಡುವವರು ಯಾರು? ಲೂಮಿರ್ ಸೂಪಿನ ಬಟ್ಟಲು ಕುಕ್ಕಿದ. "ಕದ್ದು ಗೆಲ್ಲು ಅಂತೀಯಾ? ನಮ್ಮಪ್ಪ ನನ್ನ ಕಳ್ಳ ಮಾಡಿ ಬೆಳೆಸ್ಲಿಲ್ಲ!"

ಆಗ ಶುರುವಾಯಿತು ನೋಡಿ. ಜೀವಮಾನವಿಡೀ ಆ ಪಕ್ಷವನ್ನು ಬೈದವರೆಲ್ಲ ಅದರ ಗುಣಗಾನಕ್ಕೆ ನಿಂತರು. ಬಡವರ ಔಷಧಿಯ ಬಗ್ಗೆ ಒಬ್ಬಳು ಹೇಳಿದಳು, ಮುದುಕರ ಪಿಂಚಣಿಯ ಬಗ್ಗೆ ಇನ್ನೊಬ್ಬ. ಎಲ್ಲರನ್ನೂ ಮೀರಿಸಿದವನು ಡ್ವೇನ್. ಟೋಪಿ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಕೂಲಿಯವರ ಸಂಬಳ, ನದಿಯ ನೀರು, ಶಾಲೆಯ ಮಕ್ಕಳ ಮಧ್ಯಾಹ್ನದ ಊಟ ಎಲ್ಲ ಹೇಳುತ್ತಾ ಹೋದ. ಎಷ್ಟೋ ವರ್ಷ ಬೈಯಲೆಂದು ಕಲಿತದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಮಕ್ಕಳ ಊಟಕ್ಕೆ ಬರುವ ಹೊತ್ತಿಗೆ ಅವನ ಕಣ್ಣಲ್ಲಿ ನೀರು. ವ್ಲಾಸ್ತಾ ಮೂಗು ಒರೆಸಿಕೊಂಡಳು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಲೂಮಿರ್ ಎಲ್ಲ ಕೇಳಿ ತಲೆದೂಗಿದ. "ಬಾಳ ಚೆನ್ನಾಗಿ ಹೇಳ್ದೆ ಕಣೋ. ನಂಗೇ ಇಷ್ಟು ಗೊತ್ತಿರ್ಲಿಲ್ಲ. ನೀನೇ ಆಗ್ಬಿಡು."

"ಏನಾಗ್ಲಿ?"

"ಡೆಮಾಕ್ರಟ್."

ಡ್ವೇನ್ ಬೆಂಕಿ ತುಳಿದವನಂತೆ ಹಿಂದೆ ಸರಿದ. "ನಾನಾ? ನಾಳೆ ನನ್ನ ನಾಯೀನೂ ನನ್ನ ಮನೆಯೊಳಗೆ ಬಿಡಲ್ಲ!"

"ಅತ್ತೆ, ನೀನು?" ಎಂದು ನಾನು ವ್ಲಾಸ್ತಾಳನ್ನು ಕೇಳಿದೆ.

"ಬೇಕಾದ್ರೆ ಕಮ್ಯುನಿಸ್ಟ್ ಆಗ್ತೀನಿ. ಅದಕ್ಕೆ ಕಚೇರಿಗೆ ಹೋಗಿ ಬರೆಸೋದು ಬೇಡವಲ್ಲ."

ಯಾರೂ ಒಪ್ಪಲಿಲ್ಲ. ಯಾಕೆ, ನಾನೂ ಒಪ್ಪಲಿಲ್ಲ. ಊರು ಉಳಿಯಲೆಂದು ಹೊಲದ ತುಂಡು ಬರೆದುಕೊಡು ಎಂದರೆ ಕೊಡುವ ಜನ, ಹೆಸರಿನ ಮುಂದೆ ಒಂದು ಪದ ಬದಲಿಸು ಎಂದರೆ ಬಾಗಿಲು ಹುಡುಕಿದರು. ಕೊನೆಗೆ ನನಗೆ ಹೊಳೆದದ್ದು ಹೇಳಿದೆ: "ಲೂಮಿರ್, ನೀನು ಈಚೆ ಬಂದ್ರೆ ಹಾಲ್‌ಗೆ ಬೀಗ. ಹಾಲ್ ಇಲ್ಲ ಅಂದ್ರೆ ಎಣಿಕೆ ಇಲ್ಲ, ಊಟ ಇಲ್ಲ. ಗೆದ್ದೋರ ಮೇಜೇ ಇಲ್ಲ. ಎಲ್ಲಿ ಕೂತ್ಕೋತೀಯ?"

ಮುದುಕ ಬಟ್ಟಲಿನ ತಳದಲ್ಲಿ ಉಳಿದ ಸೂಪನ್ನು ಚಮಚದಿಂದ ಕೆರೆದ.

"ಅಂದ್ರೆ, ಆ ಕಡೆ ಇದ್ರೂ ನಾನು ಗೆಲ್ಲಲ್ಲ, ಈ ಕಡೆ ಬಂದ್ರೂ ಗೆಲ್ಲಲ್ಲ."

ಅವನು ಬಟ್ಟಲನ್ನು ಪಕ್ಕಕ್ಕೆ ತಳ್ಳಿದ.

"ಸರಿ ಬಿಡಿ. ಇದ್ದಲ್ಲೇ ಇರ್ತೀನಿ. ಹೋಗಿ, ನಿಮ್ಮ ಹಸು ಕಾಯ್ತಿರ್ತವೆ."

ನಾವು ಗೆದ್ದು ಮನೆಗೆ ಬಂದೆವು. ಗೆದ್ದು ಇಷ್ಟು ನಾಚಿಕೆಯಾದದ್ದು ನನಗೆ ನೆನಪಿಲ್ಲ.

ಆ ಸಲ ಇದ್ದದ್ದು ಕೌಂಟಿ ಕಮಿಷನರ್ ಚುನಾವಣೆ. ರಿಪಬ್ಲಿಕನ್ ಕಡೆಯಿಂದ ಮೊದಲಿನಿಂದಲೂ ಇದ್ದ ಮನುಷ್ಯ, ಆ ಕಡೆಯಿಂದ ಪಟ್ಟಣದ ಹಲ್ಲಿನ ಡಾಕ್ಟರಮ್ಮ. ಆಕೆಯ ಹೆಸರು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ. ವೋಟಿನ ದಿನ ಬೆಳಿಗ್ಗೆ ಲೂಮಿರ್ ಗಡ್ಡ ಬೋಳಿಸಿಕೊಂಡು, ಮದುವೆಗೆ ಹಾಕುವ ಕೋಟು ಹಾಕಿಕೊಂಡು ಬಂದು ನನ್ನ ಪಕ್ಕ ಕೂತ. ಜನ ಬಂದರು, ಪರದೆ ಹಿಂದೆ ಹೋದರು, ಚೀಟಿ ಮಡಿಸಿ ಹಾಕಿದರು. ಎಲ್ಲರೂ ಲೂಮಿರ್‌ನ ಮುಖ ನೋಡದೆ ಹೋಗುತ್ತಿದ್ದುದು ನನ್ನ ಗಮನಕ್ಕೆ ಬಂತು. ಡ್ವೇನ್ ಪರದೆ ಹಿಂದೆ ಎಷ್ಟು ಹೊತ್ತು ನಿಂತನೆಂದರೆ, ನಿದ್ದೆ ಹೋದನೇನೋ ಎಂದು ನಾನು ಕೆಮ್ಮಬೇಕಾಯಿತು.

ನನ್ನ ಸರದಿ ಬಂದಾಗ ಪೆನ್ಸಿಲ್ ಹಿಡಿದು ನಿಂತೆ. ಸಂಜೆ ಎಣಿಕೆಯಲ್ಲಿ ಅವನ ಒಂಟಿ ವೋಟು ಬರುತ್ತದೆ. ಅದನ್ನು ಅವನೇ ಓದಬೇಕು. ಪ್ರತಿ ಸಲವೂ ಆ ಚೀಟಿ ಬಂದಾಗ ಎಲ್ಲರೂ "ಬಂದ ನೋಡು ಲೂಮಿರ್!" ಎಂದು ಮೇಜು ಬಡಿಯುತ್ತಾರೆ, ನಾನೂ ಬಡಿಯುತ್ತೇನೆ. ಈ ಸಲ ಎರಡು ಬಂದರೆ? ಗೆಲ್ಲುವುದಿರಲಿ, ಜೊತೆಗೊಂದು ಇದ್ದರೆ ಸಾಕಲ್ಲ. ಒಳಗೆ ಪಾತ್ರೆ ತೊಳೆಯುವಾಗ ಹೊರಗೆ ಕೂತವರಲ್ಲಿ ಯಾರೋ ಒಬ್ಬರು ನನ್ನವರು ಎಂದು ಅವನಿಗೆ ಅನ್ನಿಸಲಿ. ನಮ್ಮ ಮನುಷ್ಯ ಗೆಲ್ಲುವುದು ಹೇಗೂ ಖಂಡಿತ. ಹೀಗೆ ಯೋಚಿಸಿ ನಾನು ಹಲ್ಲಿನ ಡಾಕ್ಟರಮ್ಮನಿಗೆ ಗುರುತು ಹಾಕಿದೆ. ಹುಟ್ಟಿದಾಗಿನಿಂದ ಮೊದಲ ಸಲ. ಮೇಲಿನಿಂದ ನನ್ನ ಅಪ್ಪ ನೋಡುತ್ತಿದ್ದಾನೆ ಅನ್ನಿಸಿತು.

ಎಣಿಕೆ ಶುರುವಾಗುವಷ್ಟರಲ್ಲಿ ಹಾಲ್ ತುಂಬ ಮಾಂಸದ ಘಮ. ಲೂಮಿರ್ ಓದುವುದು, ನಾನು ಗೀಟು ಹಾಕುವುದು ನಮ್ಮ ಕ್ರಮ. ಮೊದಲ ಚೀಟಿ ಬಿಡಿಸಿದ.

"ಡೆಮಾಕ್ರಟ್."

"ಬಂದ ನೋಡು ಲೂಮಿರ್!" ಮೇಜು ದಡದಡ. ಶುರುವಿನಲ್ಲೇ ಬಂದುಬಿಟ್ಟಿತಲ್ಲ ಎಂದು ನಗು.

ಎರಡನೆಯದು ಬಿಡಿಸಿ ಕನ್ನಡಕ ಸರಿಮಾಡಿಕೊಂಡ. "ಡೆಮಾಕ್ರಟ್."

ಮೇಜು ಬಡಿಯಲು ಎತ್ತಿದ ಕೈಗಳು ಅಲ್ಲೇ ನಿಂತವು. ಇದು ನನ್ನದು ಎಂದು ನಾನು ಮನಸ್ಸಿನಲ್ಲೇ ಹಿಗ್ಗಿದೆ. ಆಮೇಲೆ ತಿಳಿಯಿತು, ಆ ಕ್ಷಣದಲ್ಲಿ ಹಾಲ್‌ನಲ್ಲಿದ್ದವರೆಲ್ಲ ಹಾಗೇ ಹಿಗ್ಗಿದ್ದರು.

ಮೂರನೆಯದೂ ಡೆಮಾಕ್ರಟ್. ನಾಲ್ಕನೆಯದೂ. ಲೂಮಿರ್‌ನ ದನಿ ತಗ್ಗುತ್ತಾ ಬಂತು. ಚೀಟಿ ನನಗೆ ತೋರಿಸಿ, "ಸರಿಯಾಗಿ ನೋಡು ಆರ್ಲಿಸ್, ನಾನು ತಪ್ಪು ಓದ್ತಿದೀನಾ?" ಎಂದ. ತಪ್ಪೇನಿರಲಿಲ್ಲ. ನಾನು ಗೀಟು ಹಾಕುತ್ತಾ ಹೋದೆ, ಒಂದೇ ಕಡೆ, ಸಾಲು ಮುಗಿದು ಕೆಳಗಿನ ಸಾಲು. ಗಂಡಂದಿರು ಹೆಂಡತಿಯರನ್ನು ಓರೆಗಣ್ಣಿನಲ್ಲಿ ನೋಡತೊಡಗಿದರು. ಡ್ವೇನ್ ಟೋಪಿಯಿಂದ ಬೆವರು ಒರೆಸಿಕೊಂಡ. ಪೆಟ್ಟಿಗೆಯ ತಳದ ಹತ್ತಿರ ಬಂದಾಗ ಒಂದು ಚೀಟಿ ಬಿಡಿಸಿದ ಲೂಮಿರ್ ಬಾಯಿ ತೆರೆದು ಹಾಗೇ ನಿಂತ. ಕಿವಿ ಕೆಂಪಾಗಿತ್ತು.

"ಓದು" ಎಂದೆ.

"ರಿಪಬ್ಲಿಕನ್."

ಆಮೇಲೆ ಮತ್ತೆ ಡೆಮಾಕ್ರಟ್, ಕೊನೆಯವರೆಗೂ. ಇಡೀ ಹ್ರಾಡೆಕ್‌ನಲ್ಲಿ ಒಂದೇ ಒಂದು ರಿಪಬ್ಲಿಕನ್ ವೋಟು.

ಮೊದಲು ಚೇತರಿಸಿಕೊಂಡವನು ಡ್ವೇನ್. "ಆ ಒಂದು ನಂದು!" ಎಂದು ಎದೆ ತಟ್ಟಿಕೊಂಡ. "ನೀವೆಲ್ಲ ದ್ರೋಹಿಗಳು!"

"ನಿಂದ್ಯಾಕಾಗುತ್ತೆ? ನಂದು!" ಎಂದಳು ವ್ಲಾಸ್ತಾ.

"ಸುಮ್ನಿರಿ, ನಂದು ಅದು!" ಎಂದ ನನ್ನ ಗಂಡ. ಈ ಕಡೆಯಿಂದ ನಂದು, ಆ ಕಡೆಯಿಂದ ನಂದು. ಒಂದು ಚೀಟಿಗೆ ಇಡೀ ಊರೇ ಅಪ್ಪ ಅಮ್ಮ. ನಾನೂ ಕೂಗಿದೆ, ಸುಳ್ಳೇಕೆ ಹೇಳಲಿ.

ಊಟವಾಯಿತು. ಪದ್ಧತಿ ಎಂದರೆ ಪದ್ಧತಿ. ಲೂಮಿರ್‌ನನ್ನು ಗೆದ್ದವರ ಮೇಜಿನ ತಲೆಯಲ್ಲಿ ಕೂರಿಸಿ, ಕೊಲಾಚೆಯ ದೊಡ್ಡ ತಟ್ಟೆಯನ್ನು ಮುಂದಿಟ್ಟು, ಊರಿಗೆ ಊರೇ ಎಂಜಲು ಪಾತ್ರೆ ಹೊತ್ತು ಅಡುಗೆಮನೆಗೆ ನುಗ್ಗಿತು. ಅಷ್ಟು ಜನ ಹಿಡಿಯುವ ಅಡುಗೆಮನೆಯಲ್ಲ ಅದು. ಒಬ್ಬ ತೊಳೆದ ತಟ್ಟೆಯನ್ನು ಇನ್ನೊಬ್ಬಳು ಮತ್ತೆ ತೊಳೆದಳು. ಯಾರೋ ಡ್ವೇನ್‌ನ ತಲೆಗೆ ಸೋಪಿನ ನೊರೆ ಎರಚಿದರು. ಎಷ್ಟೋ ವರ್ಷದಿಂದ ನಮ್ಮಲ್ಲಿ ಇಷ್ಟು ಗದ್ದಲ, ಇಷ್ಟು ನಗು ಇರಲಿಲ್ಲ.

ನಾನು ತಟ್ಟೆ ತರಲು ಹೊರಗೆ ಬಂದರೆ, ಉದ್ದನೆಯ ಮೇಜಿನ ಆ ತುದಿಯಲ್ಲಿ ಮದುವೆ ಕೋಟಿನ ಮುದುಕ ಒಬ್ಬನೇ. ಕೈಯಲ್ಲಿ ಕಚ್ಚದ ಕೊಲಾಚೆ. ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ.

"ಆ ಒಂದು ವೋಟು ನಂದು ಕಣ್ರೋ" ಎಂದ.

ಒಳಗಿದ್ದವರು ಛಾವಣಿ ಹಾರುವಂತೆ ನಕ್ಕರು.

"ಸಾಕು ಬಿಡೋ!" ಎಂದ ಡ್ವೇನ್. "ನಮ್ಮ ಮಾನ ಉಳಿಸೋಕೆ ನೀನ್ಯಾಕೆ ಸುಳ್ಳು ಹೇಳ್ತೀಯ? ಗೆದ್ದೋನು ಪಾತ್ರೆ ಮುಟ್ಟಂಗಿಲ್ಲ! ಎತ್ಕೊಂಡು ಹೋಗಿ ಕೂರ್ಸ್ರೋ ಇವನ್ನ!"

ನಾಲ್ಕು ಜನ ಒದ್ದೆ ಕೈಯಲ್ಲೇ ಅವನನ್ನು ಎತ್ತಿ ತಂದು ಕುರ್ಚಿಯಲ್ಲಿ ಇಟ್ಟು, ಬೆನ್ನು ತಟ್ಟಿ, ಮತ್ತೆ ಒಳಗೆ ಓಡಿದರು. ಯಾರೂ ನಂಬಲಿಲ್ಲ. ನಾನು ನಂಬಿದೆ. ಆ ಚೀಟಿ ಓದುವಾಗ ಅವನ ಕಿವಿ ನೋಡಿದ್ದೆನಲ್ಲ.

"ಕದ್ದು ಗೆಲ್ಲಲ್ಲ ಅಂದಿದ್ದೆಯಲ್ಲ, ಲೂಮಿರ್?"

"ಆಸೆ ಆಯ್ತು ಕಣೇ" ಎಂದ. ದನಿಯಲ್ಲಿ ಜೀವವಿರಲಿಲ್ಲ. "ಒಳಗೆ ಪಾತ್ರೆ ತೊಳ್ಕೊಂಡೇ, ನಾನೂ ಗೆದ್ದಿದೀನಿ, ಈ ಪೆದ್ದರಿಗೆ ಗೊತ್ತಿಲ್ಲ ಅಂತ ಖುಷಿಪಡೋಣ ಅಂತಿದ್ದೆ. ನೋಡು, ಇಷ್ಟು ದಿನ ಒಬ್ನೇ ಡೆಮಾಕ್ರಟ್ ಆಗಿದ್ದೆ. ಇವತ್ತು ಒಬ್ನೇ ರಿಪಬ್ಲಿಕನ್."

ಅಷ್ಟರಲ್ಲಿ ಒಳಗಿನಿಂದ ಡ್ವೇನ್ ಕೂಗಿದ: "ಆರ್ಲಿಸ್, ಎಲ್ಲಿ ಕದ್ದು ಕೂತೆ? ಸೋತೋಳು ಒಳಗೆ ಬಾ!"

ನನಗೆ ಸಿಟ್ಟು ನೆತ್ತಿಗೇರಿತು. ಕುರ್ಚಿ ಎಳೆದು ಲೂಮಿರ್‌ನ ಪಕ್ಕ ಕೂತು, ಗಂಟಲು ಹರಿಯುವಂತೆ ಕೂಗಿದೆ: "ಬರಲ್ಲ! ನಾನು ಗೆದ್ದೋಳು! ನಾನು ಡೆಮಾಕ್ರಟ್‌ಗೆ ಹಾಕಿದೀನಿ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!"

ಸ್ವಲ್ಪ ಹೊತ್ತಿಗೆ ವ್ಲಾಸ್ತಾ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಎದುರು ಕೂತಳು.

"ಕಾಲು ನೋವು" ಎಂದಳು.

"ಕಾಲು ನೋವಾ, ವೋಟಾ?"

"ಎರಡೂ."

ಅವಳ ಹಿಂದೆ ನನ್ನ ಗಂಡ. ಅವನನ್ನು ನಾನು ನೋಡಿದೆ, ನನ್ನನ್ನು ಅವನು ನೋಡಿದ. "ನೀನೂನಾ?" ಎಂದೆವು ಇಬ್ಬರೂ. ಆಮೇಲೆ ಒಬ್ಬೊಬ್ಬರೇ ಒದ್ದೆ ಕೈ ಬಟ್ಟೆಗೆ ಒರೆಸುತ್ತಾ, ತಲೆ ತಗ್ಗಿಸಿಕೊಂಡು ಬಂದು ಗೆದ್ದವರ ಮೇಜಿನಲ್ಲಿ ಕೂತರು. ಎಲ್ಲರ ಮುಖದಲ್ಲೂ ಒಂದೇ ಮಾತು: ಅವನ ವೋಟಿಗೆ ಜೊತೆಗೊಂದು ಇರಲಿ ಎಂದು ಹಾಕಿದೆ, ಅಷ್ಟೇ. ಕೊನೆಗೆ ಒಳಗೆ ಉಳಿದವನು ಡ್ವೇನ್. ಒಬ್ಬನೇ ಬಹಳ ಜೋರಾಗಿ ತಟ್ಟೆ ಉಜ್ಜಿದ, ನಮಗೆಲ್ಲ ಕೇಳಲೆಂದು. ಆಮೇಲೆ ಅದೂ ನಿಂತಿತು. ಅವನು ಬಂದು ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಯಾರನ್ನೂ ನೋಡಲಿಲ್ಲ.

ಈಗ ಮೇಜು ತುಂಬಿತ್ತು. ಲೂಮಿರ್ ತನ್ನ ಸುತ್ತ ಕೂತ ಎಲ್ಲರನ್ನೂ ಒಮ್ಮೆ ನೋಡಿದ. ಅವನ ಮುಖ ಅರಳಿದ್ದು ನಿಜ, ನಾನೇ ಕಂಡೆ. ಆಮೇಲೆ ಅವನಿಗೆ ಲೆಕ್ಕ ಹೊಳೆಯಿತು. ನಮಗೆ ಹೊಳೆಯುವ ಮೊದಲೇ: ಸೋತವನೆಂದು ಉಳಿದವನು ಅವನೊಬ್ಬನೇ.

ಎದ್ದು ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ತೋಳು ಮಡಿಸುತ್ತಾ ಅಡುಗೆಮನೆಗೆ ಹೋದ. ಈ ಸಲ ಅವನನ್ನು ಎತ್ತಿ ತರಲು ಯಾರೂ ಏಳಲಿಲ್ಲ. ಯಾವ ಬಾಯಲ್ಲಿ ತಡೆಯುವುದು?

ನಾನು ಹಿಂದೆಯೇ ಹೋಗಿ ಒರೆಸುವ ಬಟ್ಟೆ ಎತ್ತಿಕೊಂಡೆ. ಅವನು ಅದನ್ನು ನನ್ನ ಕೈಯಿಂದ ಕಿತ್ತುಕೊಂಡ.

"ಹೋಗು, ಕೂತ್ಕೋ. ಗೆದ್ದೋಳು ನೀನು."

"ಲೂಮಿರ್, ನಿನಗೋಸ್ಕರ ತಾನೇ ಎಲ್ರೂ..."

"ಗೊತ್ತು ಕಣಮ್ಮ. ಅದಕ್ಕೇ ಹೇಳ್ತಿರೋದು." ತಟ್ಟೆಯೊಂದನ್ನು ನೀರಿಗೆ ಹಿಡಿದ. "ಮುಂದಿನ ಸಲ ಅವರವರ ಪಕ್ಷಕ್ಕೇ ಹಾಕೋಕೆ ಹೇಳು. ಬರೀ ಸೋಲೋದು ನಂಗೆ ರೂಢಿ ಇದೆ. ಹೀಗೆ ಊರೆಲ್ಲ ಸೇರಿ ಪ್ರೀತಿಯಿಂದ ಸೋಲ್ಸೋದು ತಡ್ಕೊಳಕಾಗಲ್ಲ."

ನಾನು ಹೊರಗೆ ಬಂದು ನನ್ನ ಜಾಗದಲ್ಲಿ ಕೂತೆ. ವ್ಲಾಸ್ತಾ ಕೊಲಾಚೆಯ ತಟ್ಟೆ ಮುಂದೆ ತಳ್ಳಿದಳು. ಅದು ಮೇಜಿನ ಸುತ್ತ ಒಬ್ಬರಿಂದ ಒಬ್ಬರಿಗೆ ದಾಟಿ, ತುಂಬಿದ್ದು ತುಂಬಿದ ಹಾಗೇ ಅವಳ ಮುಂದೆ ಬಂದು ನಿಂತಿತು.